ಸಿಗರೇಟು ಬಿಡಿ, ಬಿಡುವನ್ನು ಬಿಡಬೇಡಿ: ಒತ್ತಡಕ್ಕೆಂದು ಸೇದುವ ಯುವಜನರಿಗೆ

ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಗೆ ಹಾಸ್ಟೆಲ್ಲಿನ ಹಿಂಬದಿಯ ಮೆಟ್ಟಿಲ ಮೇಲೆ ಕುಳಿತು ಸೇದಿದ ಒಂದು ಸಿಗರೇಟು ನನಗೆ ಇವತ್ತಿಗೂ ನೆನಪಿದೆ. ಕೈ ಸಣ್ಣಗೆ ನಡುಗುತ್ತಿತ್ತು. ಮೊದಲ ಕಡ್ಡಿ ಗಾಳಿಗೆ ಆರಿತು, ಎರಡನೆಯದು ಹತ್ತಿತು. ಎರಡು ದಮ್ಮು ಎಳೆಯುವಷ್ಟರಲ್ಲಿ ಭುಜ ಸಡಿಲವಾಯಿತು, ಕೈ ಸ್ಥಿಮಿತಕ್ಕೆ ಬಂತು. ಆಗ ನನಗೆ 19 ವರ್ಷ. ಇದೊಂದು ಇರದಿದ್ದರೆ ಈ ವರ್ಷವನ್ನು ದಾಟಲಾರೆ ಎಂದು ಮನಸಾರೆ ನಂಬಿದ್ದೆ. ಆ ನಡುಕದಲ್ಲಿ ಪರೀಕ್ಷೆಯ ಪಾಲೆಷ್ಟು, ಅದಕ್ಕೂ ನಾಲ್ಕು ಗಂಟೆ ಮೊದಲು ಸೇದಿದ್ದ ಸಿಗರೇಟಿನ ಪಾಲೆಷ್ಟು ಎಂಬ ಲೆಕ್ಕ ಅರ್ಥವಾಗುವಷ್ಟರಲ್ಲಿ ಎಂಟು ವರ್ಷ ಕಳೆದುಹೋಗಿತ್ತು. ಬಿಡಲು ಸಾಧ್ಯವಾದದ್ದು 27ರಲ್ಲಿ, ನಾಲ್ಕನೇ ಪ್ರಯತ್ನದಲ್ಲಿ.

ಶ್ವಾಸಕೋಶ, ಕ್ಯಾನ್ಸರ್, ಹೃದಯಾಘಾತ ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳೇ. ಇಪ್ಪತ್ತರ ಆಸುಪಾಸಿನಲ್ಲಿರುವವರನ್ನು ಹಿಡಿದಿಟ್ಟುಕೊಳ್ಳುವುದು ಬೇರೆಯದೇ ಒಂದು ಮಾತು: "ಬಿಟ್ಟರೆ ಈ ಒತ್ತಡವನ್ನು ಹೇಗೆ ತಡೆದುಕೊಳ್ಳಲಿ?" ಈ ಪ್ರಶ್ನೆಗೆ ಗೌರವ ಕೊಟ್ಟು ಉತ್ತರಿಸುವವರು ಕಡಿಮೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಸಿಗರೇಟು ಏನು ಮಾಡುತ್ತದೆ ಎಂಬುದನ್ನು ತಿಳಿದುಕೊಳ್ಳಿ

ಹೊಗೆ ಒಳಗೆಳೆದ 10ರಿಂದ 20 ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳನ್ನು ಮುಟ್ಟುತ್ತದೆ. ಅಲ್ಲಿ ಡೋಪಮಿನ್ ಬಿಡುಗಡೆಯಾಗುತ್ತದೆ, ಹಿತವೆನಿಸುತ್ತದೆ. ಆದರೆ ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕಿಳಿಯುತ್ತದೆ. ದಿನವೂ ಸೇದುವವರ ಮಿದುಳಿನಲ್ಲಿ ನಿಕೋಟಿನ್ನಿಗೆ ಸ್ಪಂದಿಸುವ ಗ್ರಾಹಕಗಳ (ರಿಸೆಪ್ಟರ್‌ಗಳ) ಸಂಖ್ಯೆಯೂ ಹೆಚ್ಚಿರುತ್ತದೆ. ಮಟ್ಟ ಇಳಿದಾಗ ಅವು ಸುಮ್ಮನಿರುವುದಿಲ್ಲ. ಸಿಡುಕು, ಚಡಪಡಿಕೆ, ಕಳವಳ, ಓದಿದ್ದು ತಲೆಗೆ ಹತ್ತದಿರುವುದು ಎಲ್ಲವೂ ಶುರುವಾಗುತ್ತವೆ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಒತ್ತಡದಲ್ಲಿರುವವರು ಹೇಳಿಕೊಳ್ಳುವುದೂ ಇದನ್ನೇ. ಹಾಗಾಗಿ ಒಳಗಿನಿಂದ ನೋಡುವವನಿಗೆ ಎರಡರ ವ್ಯತ್ಯಾಸ ತಿಳಿಯುವುದೇ ಇಲ್ಲ. ಮುಂದಿನ ಸಿಗರೇಟು ಆ ಚಡಪಡಿಕೆಯನ್ನು ಇಳಿಸುತ್ತದೆ, ಒತ್ತಡ ಇಳಿಯಿತೆಂದು ನಾವು ಅಂದುಕೊಳ್ಳುತ್ತೇವೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಇದೇ.

ಸಿಗರೇಟು ಒತ್ತಡಕ್ಕೆ ಮದ್ದು ಎಂಬ ನಂಬಿಕೆ ತಾನಾಗಿಯೇ ಹುಟ್ಟಿ ಬೆಳೆದದ್ದೂ ಅಲ್ಲ. 'ಒತ್ತಡ' ಎಂಬ ಪರಿಕಲ್ಪನೆಯನ್ನು ವೈದ್ಯಕೀಯಕ್ಕೆ ತಂದ ವಿಜ್ಞಾನಿ ಹಾನ್ಸ್ ಸೆಲ್ಯೆ ತಂಬಾಕು ಉದ್ಯಮದಿಂದ ಸಂಶೋಧನೆಗೆ ಹಣ ಪಡೆದಿದ್ದರು. 1969ರಲ್ಲಿ ಕೆನಡಾದ ಸಂಸದೀಯ ಸಮಿತಿಯ ಮುಂದೆ ಧೂಮಪಾನ ನಿಯಂತ್ರಣಕ್ಕೆ ವಿರುದ್ಧವಾಗಿ ಸಾಕ್ಷ್ಯವನ್ನೂ ನುಡಿದಿದ್ದರು. ಕಂಪನಿಗಳ ಒಳಗಿನ ಕಾಗದಪತ್ರಗಳು ನ್ಯಾಯಾಲಯಗಳ ಮೂಲಕ ಹೊರಬಂದ ಮೇಲೆ ಈ ನಂಟಿನ ಆಳ ತಿಳಿಯಿತು. ಇದನ್ನು ಓದಿದ ದಿನ ನನಗೆ ಬಂದ ಸಿಟ್ಟು ಬಿಡುವ ಪ್ರಯತ್ನಕ್ಕೆ ಸಾಕಷ್ಟು ಒದಗಿತು.

ಬಿಟ್ಟವರ ಮನಸ್ಸು ಹೇಗಿರುತ್ತದೆ? 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 26 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದನ್ನು ಪ್ರಕಟಿಸಿತು. ಬಿಟ್ಟು ಕನಿಷ್ಠ ಆರು ವಾರ ಕಳೆದವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಸೇದುತ್ತಲೇ ಉಳಿದವರಿಗಿಂತ ಕಡಿಮೆಯಾಗಿದ್ದವು. ಮಾನಸಿಕ ಕಾಯಿಲೆ ಇದ್ದವರಲ್ಲೂ ಇಲ್ಲದವರಲ್ಲೂ ಅದೇ ಕಂಡಿತು. 2021ರಲ್ಲಿ, ವೈದ್ಯಕೀಯ ಪುರಾವೆಗಳನ್ನು ಒಟ್ಟಿಗಿಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 102 ಅಧ್ಯಯನಗಳನ್ನು ಇಟ್ಟುಕೊಂಡು ಮತ್ತೆ ಪರಿಶೀಲಿಸಿದಾಗಲೂ ಫಲಿತಾಂಶ ಬದಲಾಗಲಿಲ್ಲ.

ಎಳೆಯರಿಗೆ ಇದು ಇನ್ನಷ್ಟು ಮುಖ್ಯ. ಆವೇಗವನ್ನು ಹಿಡಿತದಲ್ಲಿಟ್ಟುಕೊಂಡು ಯೋಚಿಸಿ ನಿರ್ಧರಿಸುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ರ ಹೊತ್ತಿಗೆ. ಅದಕ್ಕೂ ಮೊದಲು ಅಂಟಿದ ನಿಕೋಟಿನ್ ಬೇಗ ಬೇರು ಬಿಡುತ್ತದೆ.

ಎರಡನೇ ಹೆಜ್ಜೆ: ಒಂದು ವಾರ ಬರೆದಿಡಿ, ಬಿಡಲು ಹೋಗಬೇಡಿ

ಈ ವಾರ ಒಂದು ಸಿಗರೇಟನ್ನೂ ಕಡಿಮೆ ಮಾಡಬೇಕಿಲ್ಲ. ಮೊಬೈಲಿನಲ್ಲೋ ಚಿಕ್ಕ ಪುಸ್ತಕದಲ್ಲೋ ಪ್ರತಿ ಸಿಗರೇಟಿಗೆ ಒಂದು ಸಾಲು ಬರೆಯಿರಿ: ಎಷ್ಟು ಗಂಟೆಗೆ, ಯಾರ ಜೊತೆ, ಹಚ್ಚುವ ಮೊದಲು ಒತ್ತಡ ಹತ್ತಕ್ಕೆ ಎಷ್ಟು, ಒಂದು ಗಂಟೆ ಬಿಟ್ಟು ಎಷ್ಟು. ಆಗ ಮನಸ್ಸನ್ನು ಕೊರೆಯುತ್ತಿದ್ದ ವಿಷಯ ಏನೆಂಬುದನ್ನು ಎರಡು ಪದಗಳಲ್ಲಿ ಬರೆದರೆ ಸಾಕು.

ನನ್ನ ಹಳೆಯ ಪುಸ್ತಕದ ಒಂದು ಪುಟ ಹೀಗಿದೆ:

ಬೆಳಗ್ಗೆ 7.10. ಒಬ್ಬನೇ. 6. ವಿಷಯ: ಏನೂ ಇಲ್ಲ. ಗಂಟೆಯ ಬಳಿಕ 4.
ಬೆಳಗ್ಗೆ 9.40. ಒಬ್ಬನೇ. 5. ಏನೂ ಇಲ್ಲ. ಬಳಿಕ 4.
ಮಧ್ಯಾಹ್ನ 1.30. ಮೂವರು. 3. ಹರಟೆ. ಬಳಿಕ 3.
ಸಂಜೆ 5.15. ಒಬ್ಬನೇ. 8. ಮೇಲಧಿಕಾರಿಯ ಮಿಂಚಂಚೆ. ಬಳಿಕ 8.

ಕೊನೆಯ ಸಾಲನ್ನು ಗಮನಿಸಿ. ನಿಜವಾದ ಕಷ್ಟ ಇದ್ದ ಕಡೆ ಸಿಗರೇಟು ಒಂದು ಅಂಕವನ್ನೂ ಇಳಿಸಲಿಲ್ಲ. ಅದು ಇಳಿಸಿದ್ದು ವಿಷಯವೇ ಇಲ್ಲದ ಬೆಳಗಿನ ಒತ್ತಡವನ್ನು. ರಾತ್ರಿಯಿಡೀ ನಿಕೋಟಿನ್ ಇಲ್ಲದ ಮಿದುಳು ಎದ್ದ ಕೂಡಲೇ ಕೇಳುತ್ತಿದ್ದ ಬಾಕಿ ಅದು. ಈ ಪುಟವನ್ನು ಬರೆದ ರಾತ್ರಿ ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದೆ.

ವಾರ ಮುಗಿದ ಮೇಲೆ ಪ್ರತಿ ಸಾಲಿನ ಪಕ್ಕ ಒಂದು ಗುರುತು ಹಾಕಿ. ಬಾಕಿ ತೀರಿಸಲು ಸೇದಿದ್ದೇ? ಬಿಡುವಿಗಾಗಿ, ಜನರ ಜೊತೆಗಾಗಿ ಸೇದಿದ್ದೇ? ನಿಜವಾದ ನೋವು, ಭಯ, ಸಿಟ್ಟಿಗೆ ಸೇದಿದ್ದೇ? ಮೂರಕ್ಕೂ ಪರಿಹಾರ ಬೇರೆ ಬೇರೆ. ಮೊದಲನೆಯದಕ್ಕೆ ಔಷಧವಿದೆ, ಎರಡನೆಯದಕ್ಕೆ ಮುಂದಿನ ಹೆಜ್ಜೆ ಇದೆ. ಮೂರನೆಯದನ್ನು ನಾಲ್ಕನೇ ಹೆಜ್ಜೆಯಲ್ಲಿ ನೋಡೋಣ.

ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಎಂಬುದನ್ನೂ ಗುರುತಿಸಿಕೊಳ್ಳಿ. ಅರ್ಧ ಗಂಟೆಯೊಳಗಾದರೆ ಅವಲಂಬನೆ ಗಟ್ಟಿಯಾಗಿದೆ ಎಂದರ್ಥ. ಔಷಧದ ಪ್ರಮಾಣ ನಿರ್ಧರಿಸುವಾಗ ಇದು ಬೇಕಾಗುತ್ತದೆ.

ಮೂರನೇ ಹೆಜ್ಜೆ: ಬಿಡುವನ್ನು ಸಿಗರೇಟಿನಿಂದ ಬಿಡಿಸಿಕೊಳ್ಳಿ

ಸಿಗರೇಟು ಕೊಡುವ ನೆಮ್ಮದಿಯಲ್ಲಿ ಒಂದು ಪಾಲು ಸುಳ್ಳಲ್ಲ. ಕುರ್ಚಿಯಿಂದ ಏಳುತ್ತೀರಿ, ಪರದೆಯಿಂದ ಕಣ್ಣು ತೆಗೆಯುತ್ತೀರಿ, ಹೊರಗೆ ಬರುತ್ತೀರಿ, ಐದು ನಿಮಿಷ ಯಾರೂ ಏನೂ ಕೇಳುವುದಿಲ್ಲ. ಉದ್ದವಾಗಿ ಉಸಿರೆಳೆದು ನಿಧಾನವಾಗಿ ಹೊರಬಿಡುತ್ತೀರಿ. ಪಕ್ಕದಲ್ಲಿ ಸ್ನೇಹಿತನಿದ್ದರೆ ಮನಸ್ಸಿನ ಮಾತು ಬರುತ್ತದೆ. ಇವೆಲ್ಲ ಒತ್ತಡವನ್ನು ನಿಜವಾಗಿಯೂ ಇಳಿಸುವ ಸಂಗತಿಗಳು. ಹೊಗೆ ಅವುಗಳ ಮಧ್ಯೆ ಸೇರಿಕೊಂಡು ಹೆಸರನ್ನೆಲ್ಲ ತಾನೇ ಹೊಡೆದುಕೊಂಡಿದೆ, ಅಷ್ಟೆ.

ನನ್ನ ಮೊದಲ ಮೂರು ಪ್ರಯತ್ನಗಳು ಸೋತದ್ದು ಇಲ್ಲೇ. ಸಿಗರೇಟಿನ ಜೊತೆ ಬಿಡುವನ್ನೂ ಬಿಟ್ಟುಬಿಟ್ಟೆ. ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಕುಳಿತು ಕೆಲಸ ಮಾಡಿದೆ, ಗೆಳೆಯರು ಹೊರಗೆ ಹೋದಾಗ ಒಬ್ಬನೇ ಒಳಗುಳಿದೆ. ನಾಲ್ಕನೇ ದಿನಕ್ಕೆ ಸಾಕುಸಾಕಾಯಿತು.

ಆದ್ದರಿಂದ ಬಿಡುವ ದಿನಕ್ಕೂ ಮೊದಲೇ ಅಭ್ಯಾಸ ಶುರುಮಾಡಿ. ಪುಸ್ತಕದಲ್ಲಿ 'ಬಿಡುವು' ಎಂದು ಗುರುತಿಸಿದ ಹೊತ್ತುಗಳಲ್ಲಿ ಎರಡನ್ನು ಆರಿಸಿಕೊಳ್ಳಿ. ಅದೇ ಹೊತ್ತಿಗೆ ಏಳಿ, ಹೊರಗೆ ಹೋಗಿ, ಆದರೆ ಪ್ಯಾಕೆಟ್ಟು ಮೇಜಿನ ಮೇಲೇ ಇರಲಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಹೊರಬಿಡುವ ಉಸಿರು ಉದ್ದವಾಗಿದ್ದರೆ ಎದೆಬಡಿತ ನಿಧಾನವಾಗುತ್ತದೆ. ಐದು ನಿಮಿಷ ಇದನ್ನು ಮಾಡಿ, ಇಲ್ಲವೇ ಚುರುಕಾಗಿ ನಡೆಯಿರಿ. ಸ್ವಲ್ಪ ಹೊತ್ತಿನ ವೇಗದ ನಡಿಗೆ ಸೇದುವ ತುಡಿತವನ್ನು ಇಳಿಸುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆಗಳಿವೆ. ಮೊದಮೊದಲು ಕೈ ಖಾಲಿ ಎನಿಸುತ್ತದೆ, ಏನು ಮಾಡಬೇಕೆಂದು ತೋಚುವುದಿಲ್ಲ. ನೀರಿನ ಬಾಟಲಿ ಹಿಡಿದುಕೊಳ್ಳಿ.

ನಾಲ್ಕನೇ ಹೆಜ್ಜೆ: ಮನಸ್ಸನ್ನೂ ತೋರಿಸಿಕೊಳ್ಳಿ

ಇದನ್ನು ದಾಟಿ ಮುಂದಕ್ಕೆ ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಸಿಗರೇಟಿನ ಹಿಂದೆ ಖಿನ್ನತೆಯೋ ಆತಂಕದ ಕಾಯಿಲೆಯೋ ಅಡಗಿದ್ದರೆ ಬರೀ ಮನೋಬಲದಿಂದ ಗೆಲ್ಲುವುದು ಕಷ್ಟ, ಗೆಲ್ಲಬೇಕೆಂದೂ ಇಲ್ಲ. ಎರಡು ವಾರದಿಂದ ಹೆಚ್ಚುಕಡಿಮೆ ದಿನವೂ ಮನಸ್ಸು ಕುಗ್ಗಿದೆಯೇ? ಮೊದಲು ಖುಷಿ ಕೊಡುತ್ತಿದ್ದ ಕೆಲಸಗಳಲ್ಲಿ ಈಗ ಆಸಕ್ತಿಯೇ ಇಲ್ಲವೇ? ಈ ಎರಡರಲ್ಲಿ ಒಂದಕ್ಕಾದರೂ ಉತ್ತರ ಹೌದು ಎಂದಾದರೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ನಿದ್ದೆ ಹಾರಿಹೋಗಿದ್ದರೆ, ಹಸಿವು ಕೆಟ್ಟಿದ್ದರೆ, ತಾನು ಯಾರಿಗೂ ಬೇಡ ಎನಿಸುತ್ತಿದ್ದರೆ, ಎದೆ ಹೊಡೆದುಕೊಂಡು ಉಸಿರು ಕಟ್ಟಿದಂತಾಗುತ್ತಿದ್ದರೆ ಅದನ್ನೂ ಹೇಳಿ. ಸಾಯುವ ಯೋಚನೆ ಬರುತ್ತಿದ್ದರೆ ನಾಳೆಗೆ ಮುಂದೂಡಬೇಡಿ. ಇವತ್ತೇ, ಈಗಲೇ, ನಂಬಿಕೆಯ ಒಬ್ಬರಿಗೆ ಹೇಳಿ. ಒಬ್ಬರೇ ಇರಬೇಡಿ, ತುರ್ತು ಸಹಾಯವಾಣಿಗೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಸಿಗರೇಟಿನ ವಿಚಾರ ಆಮೇಲಿನದು.

ವೈದ್ಯರ ಮುಂದೆ ಕುಳಿತಾಗ ಮಾತು ಹೊರಡುವುದಿಲ್ಲ ಎಂಬುದು ನನಗೆ ಗೊತ್ತು. ಹೀಗೆ ಶುರುಮಾಡಿ: "ನಾನು ದಿನಕ್ಕೆ ಇಷ್ಟು ಸಿಗರೇಟು ಸೇದುತ್ತೇನೆ. ಬಿಡಬೇಕೆಂದಿದ್ದೇನೆ. ಎರಡು ವಾರದಿಂದ ಮನಸ್ಸೂ ಸರಿಯಿಲ್ಲ. ಎರಡಕ್ಕೂ ಸಹಾಯ ಬೇಕು." ಆ ಪುಸ್ತಕವನ್ನೂ ಮೇಜಿನ ಮೇಲಿಡಿ, ಉಳಿದದ್ದನ್ನು ಅದು ಹೇಳುತ್ತದೆ.

"ಮೊದಲು ಮನಸ್ಸು ಸರಿಯಾಗಲಿ, ಆಮೇಲೆ ಬಿಡುತ್ತೇನೆ" ಎಂದು ಕಾಯುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಎರಡನ್ನೂ ಜೊತೆಯಲ್ಲೇ ನಡೆಸಬಹುದು. ಆದರೆ ಮಾನಸಿಕ ಕಾಯಿಲೆಗೆ ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಬಿಡುವ ದಿನಾಂಕವನ್ನು ವೈದ್ಯರಿಗೆ ಮೊದಲೇ ತಿಳಿಸಲೇಬೇಕು. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತು ಔಷಧಗಳನ್ನು ಕರಗಿಸುವ ವೇಗವನ್ನು ಹೆಚ್ಚಿಸುತ್ತವೆ. ಸೇದುವುದನ್ನು ನಿಲ್ಲಿಸಿದಾಗ ಆ ವೇಗ ತಗ್ಗಿ, ಕ್ಲೋಜಪಿನ್, ಒಲಾಂಜಪಿನ್‌ನಂಥ ಔಷಧಗಳ ಮಟ್ಟ ರಕ್ತದಲ್ಲಿ ಏರುತ್ತದೆ. ಪ್ರಮಾಣವನ್ನು ವೈದ್ಯರೇ ಹೊಂದಿಸಿಕೊಡಬೇಕು, ನೀವಾಗಿ ಕಡಿಮೆ ಮಾಡಬೇಡಿ.

ಐದನೇ ಹೆಜ್ಜೆ: ದಿನ ಗೊತ್ತುಮಾಡಿ, ಸರಂಜಾಮು ಹೊಂದಿಸಿ

ಎರಡು ವಾರದೊಳಗಿನ ಒಂದು ದಿನ ಇರಲಿ. ಪರೀಕ್ಷೆ, ಸಂದರ್ಶನ, ಮನೆ ಬದಲಾವಣೆಯ ವಾರ ಬೇಡ. ಹಾಗೆಂದು ಒತ್ತಡವೇ ಇಲ್ಲದ ದಿನಕ್ಕಾಗಿ ಕಾದರೆ ಅದು ಬರುವುದೇ ಇಲ್ಲ.

ದಿನಕ್ಕೊಂದು ಕಡಿಮೆ ಮಾಡುತ್ತ ಬರುವುದೋ, ಒಮ್ಮೆಲೇ ನಿಲ್ಲಿಸುವುದೋ? 2016ರಲ್ಲಿ ಬ್ರಿಟನ್ನಿನ ಸುಮಾರು 700 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಒಮ್ಮೆಲೇ ನಿಲ್ಲಿಸಿದವರಲ್ಲಿ ನಾಲ್ಕು ವಾರದ ಬಳಿಕ ಶೇ 49ರಷ್ಟು ಮಂದಿ ಸೇದದೆ ಉಳಿದಿದ್ದರು. ಎರಡು ವಾರದಲ್ಲಿ ಹಂತಹಂತವಾಗಿ ಇಳಿಸಿದವರಲ್ಲಿ ಶೇ 39. ಎರಡೂ ಗುಂಪಿಗೆ ಔಷಧ ಮತ್ತು ಸಲಹೆಯ ಬೆಂಬಲವಿತ್ತು ಎಂಬುದನ್ನು ಮರೆಯಬೇಡಿ. ಯಾವ ಸಹಾಯವೂ ಇಲ್ಲದೆ ಬಿಡಲು ಹೊರಟವರಲ್ಲಿ ವರ್ಷದ ತನಕ ಉಳಿಯುವವರು ನೂರಕ್ಕೆ ಐದು ಮಂದಿಯೂ ಕಷ್ಟ. ಔಷಧ ತೆಗೆದುಕೊಂಡರೆ ಬಿಟ್ಟಂತಲ್ಲ ಎಂಬ ಹಟವನ್ನು ದಯವಿಟ್ಟು ಕೈಬಿಡಿ.

ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚು ದಿನವಿಡೀ ಸಣ್ಣ ಪ್ರಮಾಣ ಕೊಡುತ್ತ ಹೋಗುತ್ತದೆ, ನಿಕೋಟಿನ್ ಗಮ್ಮು ತುಡಿತ ಎದ್ದಾಗ ತಕ್ಷಣಕ್ಕೆ ಒದಗುತ್ತದೆ. ಎರಡನ್ನೂ ಜೊತೆಗೂಡಿಸಿದರೆ ಒಂದೇ ಬಳಸಿದ್ದಕ್ಕಿಂತ ಹೆಚ್ಚು ಫಲ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿಲಿಗ್ರಾಂ ಗಮ್ಮು, ಆಮೇಲೆ ಸೇದುವವರಿಗೆ 2 ಮಿಲಿಗ್ರಾಂ. ಬಹಳ ಜನ ಇದನ್ನು ಮಾಮೂಲಿ ಚೂಯಿಂಗ್ ಗಮ್ಮಿನಂತೆ ಜಗಿದು, ಬಿಕ್ಕಳಿಕೆ, ವಾಕರಿಕೆ ಬಂದು ಎಸೆದುಬಿಡುತ್ತಾರೆ. ಸರಿಯಾದ ರೀತಿ ಹೀಗೆ: ನಾಲಿಗೆ ಚುರುಗುಟ್ಟುವ ತನಕ ನಿಧಾನವಾಗಿ ಅಗಿಯಿರಿ, ನಂತರ ಒಸಡು ಮತ್ತು ಕೆನ್ನೆಯ ನಡುವೆ ಒತ್ತಿಡಿ. ಚುರುಗುಟ್ಟುವುದು ನಿಂತಾಗ ಮತ್ತೆ ನಾಲ್ಕು ಸಲ ಅಗಿದು ಇನ್ನೊಂದು ಕಡೆ ಇಡಿ. ಅರ್ಧ ಗಂಟೆ ಹೀಗೆ. ಅದಕ್ಕೂ 15 ನಿಮಿಷ ಮೊದಲು ಕಾಫಿ, ಹಣ್ಣಿನ ರಸ ಬೇಡ, ಹುಳಿಯಿದ್ದರೆ ನಿಕೋಟಿನ್ ಬಾಯಿಯೊಳಗೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಹದಿನೆಂಟು ತುಂಬದವರು ಇವನ್ನೆಲ್ಲ ವೈದ್ಯರನ್ನು ಕೇಳಿಯೇ ಬಳಸಬೇಕು.

ವರೆನಿಕ್ಲಿನ್, ಬುಪ್ರೊಪಿಯಾನ್ ಎಂಬ ಮಾತ್ರೆಗಳೂ ಇವೆ, ವೈದ್ಯರ ಚೀಟಿ ಬೇಕು. ಇವು ಮನಸ್ಸು ಕೆಡಿಸುತ್ತವೆ ಎಂಬ ಭಯ ಹಿಂದೆ ಬಹಳ ಇತ್ತು. 2016ರಲ್ಲಿ ಪ್ರಕಟವಾದ, ಎಂಟು ಸಾವಿರಕ್ಕೂ ಹೆಚ್ಚು ವಯಸ್ಕರ ಮೇಲೆ ನಡೆದ ಪ್ರಯೋಗದಲ್ಲಿ ಅರ್ಧದಷ್ಟು ಜನರಿಗೆ ಮಾನಸಿಕ ಕಾಯಿಲೆಯ ಹಿನ್ನೆಲೆಯಿತ್ತು. ಪ್ಯಾಚಿಗೂ ಔಷಧವೇ ಇಲ್ಲದ ಹುಸಿಮಾತ್ರೆಗೂ ಹೋಲಿಸಿದರೆ ಈ ಮಾತ್ರೆಗಳಿಂದ ಅಂಥ ತೊಂದರೆ ಗಮನಾರ್ಹವಾಗಿ ಹೆಚ್ಚಿದ್ದು ಕಾಣಲಿಲ್ಲ. ಆದರೂ ನಿಮ್ಮ ಹಿನ್ನೆಲೆಯನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ.

ವೇಪ್ (ಇ-ಸಿಗರೇಟು) ಬಗ್ಗೆ ಒಂದು ಮಾತು. ಎಂದೂ ಸೇದದವರು ಅದನ್ನು ಮುಟ್ಟಲೇಬಾರದು. ಅದರಲ್ಲಿರುವುದೂ ಸಾಮಾನ್ಯವಾಗಿ ನಿಕೋಟಿನ್ನೇ, ಮೇಲೆ ಹೇಳಿದ ಚಿವುಟುವ, ತೂಗುವ ಆಟ ಅಲ್ಲೂ ಹಾಗೆಯೇ ನಡೆಯುತ್ತದೆ.

ಹಿಂದಿನ ರಾತ್ರಿ ಪ್ಯಾಕೆಟ್ಟು, ಲೈಟರು, ಬೂದಿ ಬಟ್ಟಲು ಎಲ್ಲವನ್ನೂ ಹೊರಹಾಕಿ. ಚೀಲದ ಒಳಜೇಬು, ಹಳೆಯ ಕೋಟು, ಮೇಜಿನ ಖಾನೆಯನ್ನೂ ತಡಕಿ. ಒಬ್ಬ ಗೆಳೆಯನಿಗೋ ಗೆಳತಿಗೋ ದಿನಾಂಕ ಹೇಳಿಡಿ.

ಕಾಫಿ ಅಥವಾ ಚಹಾ ಹೆಚ್ಚು ಕುಡಿಯುವವರು ಅಂದಿನಿಂದಲೇ ಅರ್ಧಕ್ಕೆ ಇಳಿಸಿ. ಇದನ್ನು ಹೇಳುವವರು ಅಪರೂಪ. ಕಾಫಿ, ಚಹಾದಲ್ಲಿರುವ ಕೆಫೀನನ್ನೂ ಹೊಗೆ ಬೇಗ ಕರಗಿಸುತ್ತಿತ್ತು. ಅದು ನಿಂತ ಮೇಲೆ ಅಷ್ಟೇ ಕಾಫಿಯಿಂದ ರಕ್ತದಲ್ಲಿ ಉಳಿಯುವ ಕೆಫೀನ್ ತೀರಾ ಹೆಚ್ಚುತ್ತದೆ. ಎದೆ ಡವಗುಟ್ಟುತ್ತದೆ, ನಿದ್ದೆ ಬರುವುದಿಲ್ಲ. ಸಿಗರೇಟು ಬಿಟ್ಟಿದ್ದಕ್ಕೇ ಆತಂಕ ಹೆಚ್ಚಿತು ಎಂದುಕೊಂಡು ಎಷ್ಟೋ ಜನ ಮತ್ತೆ ಹಚ್ಚುತ್ತಾರೆ.

ಆರನೇ ಹೆಜ್ಜೆ: ಮೊದಲ ಮೂರು ದಿನ, ಆಮೇಲಿನ ಮೂರು ವಾರ

ಕಷ್ಟದ ತುದಿ ಎರಡನೇ ಮತ್ತು ಮೂರನೇ ದಿನ. ಸಿಡುಕು, ಅಳು, ಮಂಕು, ತಿನ್ನಬೇಕೆಂಬ ಆಸೆ, ಮುರಿದ ನಿದ್ದೆ ಎಲ್ಲವೂ ಬರಬಹುದು. ಬಹುತೇಕ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ. "ನನ್ನ ಒತ್ತಡ ನಿಜಕ್ಕೂ ಇಷ್ಟಿತ್ತು, ಸಿಗರೇಟು ಅದನ್ನು ಮುಚ್ಚಿಟ್ಟಿತ್ತು" ಎಂದು ಮನಸ್ಸು ವಾದ ಹೂಡುವುದು ಈ ದಿನಗಳಲ್ಲೇ. ನಂಬಬೇಡಿ. ಹಳೆಯ ಬಾಕಿ ಕೊನೆಯ ಸಲ ಬಾಗಿಲು ಬಡಿಯುತ್ತಿದೆ. ಮಂಕು ನಾಲ್ಕು ವಾರ ಕಳೆದರೂ ಹೋಗದಿದ್ದರೆ ಅಥವಾ ಗಾಢವಾಗುತ್ತ ಹೋದರೆ ಮಾತ್ರ ಅದನ್ನು ಬಿಟ್ಟಾಗಿನ ಬಾಧೆ ಎಂದು ತಳ್ಳಿಹಾಕದೆ ವೈದ್ಯರ ಬಳಿಗೆ ಹೋಗಿ.

ಒಂದೊಂದು ತುಡಿತದ ಆಯುಸ್ಸು ಸಾಮಾನ್ಯವಾಗಿ ಮೂರರಿಂದ ಐದು ನಿಮಿಷ. ನಾನು ಗಡಿಯಾರ ನೋಡುತ್ತಿದ್ದೆ. ಮೊದಲ ದಿನ ಸಂಜೆ 5.20ಕ್ಕೆ ಎದ್ದ ತುಡಿತಕ್ಕೆ ಬಾಗಿಲ ಚಿಲಕವನ್ನು ಬಿಗಿಯಾಗಿ ಹಿಡಿದು ನಿಂತಿದ್ದೆ. ಬೆರಳ ತುದಿ ಬಿಳಿಚಿಕೊಂಡಿತ್ತು. 5.24ಕ್ಕೆ ಹಿಡಿತ ತಾನಾಗಿ ಸಡಿಲವಾಯಿತು. ಆ ನಾಲ್ಕು ನಿಮಿಷವನ್ನು ದಾಟಿಸಲು ಏನಾದರೂ ಮಾಡಿ: ಗಮ್ಮು, ನೀರು, ಮೆಟ್ಟಿಲು ಹತ್ತಿ ಇಳಿಯುವುದು, ಗೆಳೆಯನಿಗೆ ಕರೆ, ಮೂರನೇ ಹೆಜ್ಜೆಯ ಉಸಿರಾಟ.

ಗೆಳೆಯರು ಸೇದಲು ಹೊರಗೆ ಹೋದಾಗ ಮೊದಲ ವಾರ ಜೊತೆಗೆ ಹೋಗದಿದ್ದರೆ ಒಳ್ಳೆಯದು. ಬದಲಿಗೆ ಅವರನ್ನು ಬೇರೆ ಹೊತ್ತಿನಲ್ಲಿ, ಸಿಗರೇಟು ಇರದ ಕಡೆ ನೀವೇ ಕರೆಯಿರಿ. ಮದ್ಯ ಕುಡಿಯುವವರು ಕೆಲವು ವಾರ ಅದನ್ನೂ ದೂರವಿಡಿ, ಒಂದು ಲೋಟದ ನಂತರ ಸಂಕಲ್ಪ ನಿಲ್ಲುವುದಿಲ್ಲ.

ಏಳನೇ ಹೆಜ್ಜೆ: ಒಂದು ಸೇದಿಬಿಟ್ಟರೆ

ಸೇದುತ್ತೀರಿ ಎಂದಲ್ಲ, ಆದರೆ ಬಹಳ ಜನರಿಗೆ ಆಗುತ್ತದೆ. ಒಂದು ಸಿಗರೇಟು ಮತ್ತೆ ಪೂರ್ತಿ ಪ್ಯಾಕೆಟ್ಟಾಗುವುದಕ್ಕೆ ನಡುವಿನ ಸೇತುವೆ ನಾಚಿಕೆ. "ಹೇಗೂ ಕೆಟ್ಟಿತು" ಎಂಬ ಒಂದು ಮಾತು ಸಾಕು. ಉಳಿದದ್ದನ್ನು ಕೂಡಲೇ ನೀರಿಗೆ ಅದ್ದಿ ಎಸೆಯಿರಿ, ಪುಸ್ತಕ ತೆರೆದು ಒಂದು ಸಾಲು ಬರೆಯಿರಿ: ಎಷ್ಟು ಗಂಟೆ, ಯಾರ ಜೊತೆ, ಏನು ವಿಷಯ. ಪ್ಯಾಚು, ಗಮ್ಮು ಮುಂದುವರಿಸಿ. ಮರುದಿನದಿಂದ ಹೊಸ ಎಣಿಕೆ ಬೇಕಿಲ್ಲ, ಹಳೆಯ ಎಣಿಕೆಯೇ ಮುಂದುವರಿಯಲಿ.

ಇದನ್ನು ಓದುತ್ತಿರುವ ತಂದೆ ತಾಯಂದಿರಿಗೆ, ಅಣ್ಣ ಅಕ್ಕಂದಿರಿಗೆ ಒಂದು ವಿನಂತಿ. ಬಟ್ಟೆಯಲ್ಲಿ ಹೊಗೆಯ ವಾಸನೆ ಬಂದ ಸಂಜೆ ಚೀಲ ತಪಾಸಣೆಗೆ ಇಳಿಯಬೇಡಿ. "ಈಚೆಗೆ ತುಂಬಾ ಕಷ್ಟವಾಗುತ್ತಿದೆಯೇ?" ಎಂದು ಕೇಳಿ, ಉತ್ತರ ಬರುವ ತನಕ ಸುಮ್ಮನೆ ಕುಳಿತುಕೊಳ್ಳಿ. ಬೈದರೆ ಸೇದುವುದು ನಿಲ್ಲುವುದಿಲ್ಲ, ಹೇಳುವುದು ನಿಲ್ಲುತ್ತದೆ.

ಆರು ವಾರದ ನಂತರ

ಆ ಪುಸ್ತಕವನ್ನು ಮತ್ತೆ ಒಂದು ವಾರ ಬರೆಯಿರಿ. ಈ ಸಲ ಸಿಗರೇಟಿನ ಸಾಲುಗಳಿಲ್ಲ, ಅದೇ ಹೊತ್ತುಗಳಿಗೆ ಒತ್ತಡದ ಅಂಕ ಮಾತ್ರ. ನಂತರ ಎರಡೂ ವಾರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ನನ್ನದರಲ್ಲಿ ಬೆಳಗಿನ 7.10ರ ಆರು, ಎರಡಕ್ಕೆ ಇಳಿದಿತ್ತು. ಸಂಜೆಯ ಎಂಟು ಮಾತ್ರ ಎಂಟಾಗಿಯೇ ಇತ್ತು. ಅದು ಸಿಗರೇಟಿನದಾಗಿರಲಿಲ್ಲ, ಕೆಲಸದ್ದಾಗಿತ್ತು. ಮರುವಾರ ಆ ಪುಟವನ್ನು ಹಿಡಿದುಕೊಂಡೇ ಆಪ್ತಸಮಾಲೋಚಕರ ಬಳಿಗೆ ಹೋದೆ.